ಉಸಿರಿನ ಯಂತ್ರವೂ ವಪೆಯೆಂಬ ಸ್ನಾಯುವೂ

ಎದೆಗೂಡಿಗೂ ಉದರಕ್ಕೂ ನಡುವೆ ಗುಮ್ಮಟದಂತೆ ಬಾಗಿ ನಿಂತಿರುವ ತೆಳು ಸ್ನಾಯುವಿಗೆ ವಪೆ ಎಂದು ಹೆಸರು. ಅದು ಸಂಕುಚಿಸಿ ಕೆಳಗಿಳಿದಾಗ ಎದೆಯೊಳಗಿನ ಒತ್ತಡ ತಗ್ಗಿ ಗಾಳಿಯು ತಾನಾಗಿ ಶ್ವಾಸಕೋಶಗಳನ್ನು ಸೇರುತ್ತದೆ. ವೆಂಟಿಲೇಟರ್ ಯಂತ್ರದ ಕ್ರಮ ಇದಕ್ಕೆ ವಿರುದ್ಧವಾದುದು. ಅದು ಗಾಳಿಯನ್ನು ಹೊರಗಿನಿಂದ ಒಳಕ್ಕೆ ಒತ್ತುತ್ತದೆ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ ವೈದ್ಯ ವಿದ್ಯಾರ್ಥಿಗಳು ಸರದಿಯಂತೆ ಕುಳಿತು ಗಾಳಿಚೀಲಗಳನ್ನು ಕೈಯಿಂದಲೇ ಹಿಸುಕಿ ರೋಗಿಗಳನ್ನು ಉಳಿಸಿದ್ದು ಈ ತತ್ತ್ವದಿಂದಲೇ. 2020ರ ಕೋವಿಡ್ ಕಾಲದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನಾಧರಿಸಿ 30,000 ಇಂತಹ ಯಂತ್ರಗಳ ತಯಾರಿಕೆಯನ್ನು ಕೈಗೊಂಡದ್ದು ನಾಡಿಗೆ ಹೆಮ್ಮೆಯ ವಿಷಯ.

ಯಂತ್ರದ ಮೇಲಿರುವ ರೋಗಿಯ ಬಂಧುಗಳು ಕೇಳುವ ಪ್ರಶ್ನೆಯೊಂದುಂಟು: “ಜ್ವರ ಇಳಿಯಿತು, ಶ್ವಾಸಕೋಶ ಸುಧಾರಿಸಿತು, ನಳಿಕೆಯನ್ನು ಇನ್ನೂ ಏಕೆ ತೆಗೆಯಲೊಲ್ಲರು?” ಇದರ ಉತ್ತರವು ಎಷ್ಟೋ ವೇಳೆ ವಪೆಯಲ್ಲಿರುತ್ತದೆ. ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ತಿಂಗಳು ಕಳೆದರೆ ರಟ್ಟೆ ಸೊರಗುವುದನ್ನು ಲೋಕಾಪುರ, ಮುಧೋಳದ ಕಡೆಯ ಗರಡಿಗಳಲ್ಲಿ ಸಾಮು ಮಾಡಿದವರು ಬಲ್ಲರು. ವಪೆಗೆ ತಿಂಗಳೂ ಬೇಕಾಗಿಲ್ಲ. 2008ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳು ನಿಷ್ಕ್ರಿಯವಾಗಿದ್ದ 14 ಅಂಗದಾನಿಗಳ ವಪೆಯನ್ನು ಪರೀಕ್ಷಿಸಲಾಗಿತ್ತು. ಕೇವಲ 18ರಿಂದ 69 ಗಂಟೆಗಳ ಕಾಲ ಯಂತ್ರವೇ ಉಸಿರಾಡಿಸಿದ್ದ ಆ ದೇಹಗಳಲ್ಲಿ ವಪೆಯ ತಂತುಗಳ ಗಾತ್ರ ಅರ್ಧಕ್ಕಿಂತಲೂ ಕುಗ್ಗಿತ್ತು. ಅದೇ ದೇಹಗಳ ಎದೆಯ ಸ್ನಾಯುಗಳಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ! ಹುಟ್ಟಿದಂದಿನಿಂದ ಬಿಡುವನ್ನೇ ಅರಿಯದ ಸ್ನಾಯುವಿಗೆ ಬಿಡುವು ಇಷ್ಟು ಬೇಗ ಮುಳುವಾಗುತ್ತದೆ.

ಹಾಗೆಂದು ಯಂತ್ರದ ಆಸರೆಯನ್ನು ಅವಸರದಿಂದ ತಗ್ಗಿಸುವುದೂ ಸಲ್ಲದು. ಒತ್ತಡ ಹೆಚ್ಚಾದರೆ ವಪೆ ಸೋಮಾರಿಯಾಗುತ್ತದೆ. ಸಾಲದೆ ಹೋದರೆ ದುಡಿದು ದಣಿದು ಅದರ ತಂತುಗಳು ಗಾಸಿಗೊಳ್ಳುತ್ತವೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಕುಸಿಯದಂತೆ ಉಳಿಸುವ ಒತ್ತಡವೊಂದುಂಟು. ಅದು ವಪೆಯನ್ನು ಸದಾ ಕೆಳಕ್ಕೆ ಒತ್ತಿಟ್ಟಿರುವುದರಿಂದ, ದಿನಗಳು ಕಳೆದಂತೆ ತಂತುಗಳ ಉದ್ದವೇ ಕಿರಿದಾಗಬಹುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ.

ಆದ್ದರಿಂದ ರೋಗಿಗೆ ತಾನೇ ಉಸಿರೆಳೆಯುವ ಶಕ್ತಿ ಮರಳಿದೊಡನೆ ವೈದ್ಯರು ಕೆಲಸದ ಒಂದು ಪಾಲನ್ನು ವಪೆಗೇ ಬಿಡುತ್ತಾರೆ. ಕೊನೆಗೆ ಆಸರೆಯ ಒತ್ತಡವನ್ನು 5ರಿಂದ 8 ಸೆಂಟಿಮೀಟರ್ ನೀರಿನ ಮಟ್ಟಕ್ಕಿಳಿಸಿ, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಕಾದು ನೋಡುವುದುಂಟು. ಆಗ ಉಸಿರು ವೇಗಗೊಂಡು, ಕೊರಳ ಸ್ನಾಯುಗಳು ಸೆಟೆದು, ಮೈ ಬೆವೆತರೆ ಒತ್ತಡವನ್ನು ಮತ್ತೆ ಏರಿಸುತ್ತಾರೆ. ಹೊರಗೆ ಕಾದು ಕುಳಿತವರು ಇದನ್ನು ಕಂಡೊಡನೆ ರೋಗ ಮರುಕಳಿಸಿತೆಂದು ಧೃತಿಗೆಡಬೇಕಾದುದಿಲ್ಲ. ದಣಿದ ವಪೆಗೆ ಒಂದು ರಾತ್ರಿಯ ವಿಶ್ರಾಂತಿ ಕೊಟ್ಟು, ಮರುದಿನ ಬೆಳಿಗ್ಗೆ ಮತ್ತೆ ಪರೀಕ್ಷಿಸುವುದು ವಾಡಿಕೆ.