ನಿಮಗಿದು ಗೊತ್ತೆ? ಮಲೇರಿಯಾ ತೊಲಗಲು ಸೊಳ್ಳೆಯೆಲ್ಲ ಸಾಯಬೇಕಿಲ್ಲ!

ಊರಿನ ಕೊನೆಯ ಸೊಳ್ಳೆಯನ್ನೂ ಕೊಲ್ಲದೆ ಮಲೇರಿಯಾವನ್ನು ಊರು ಬಿಡಿಸಬಹುದು. ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ರೋಗ ತಾನಾಗಿಯೇ ಕರಗುತ್ತದೆ. 1911ರಲ್ಲಿ ಇದನ್ನು ಗಣಿತದ ಸಮೀಕರಣಗಳಲ್ಲೇ ತೋರಿಸಿಕೊಟ್ಟವರು ಡಾ. ರೊನಾಲ್ಡ್ ರಾಸ್.

ಲೆಕ್ಕದ ತಿರುಳು ಇಷ್ಟೆ. ರೋಗಿಯನ್ನು ಕಚ್ಚಿದ ಸೊಳ್ಳೆ ಬದುಕಿರಬೇಕು. ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆಯಬೇಕು. ಆಮೇಲೆ ಅದು ಇನ್ನೊಬ್ಬರನ್ನು ಕಚ್ಚಬೇಕು. ಸೊಳ್ಳೆ ಕಡಿಮೆಯಾದಷ್ಟೂ ಈ ಸರಪಳಿ ತುಂಡಾಗುತ್ತದೆ. ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗೂ ರೋಗ ದಾಟದಿದ್ದರೆ ಹೊಸ ರೋಗಿಗಳ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಕೊರೊನಾ ಕಾಲದಲ್ಲಿ ದಿನವೂ ಕೇಳಿದ ‘ಆರ್’ ಸಂಖ್ಯೆಯ ಹಿಂದಿರುವುದೂ ಇದೇ ತತ್ವ.

ರಾಸ್‌ಗೆ ಸೊಳ್ಳೆಯ ಮೊದಲ ಪಾಠ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಅವರು ಅಲ್ಲಿ ಸೇನಾ ವೈದ್ಯರಾಗಿದ್ದರು. ಬಂಗಲೆಯ ಕಿಟಕಿಯಾಚೆ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಮಿಜಿಗುಡುತ್ತಿದ್ದವು. ಅವರು ತೊಟ್ಟಿಯನ್ನು ಬೋರಲು ಹಾಕಿದರು, ಸೊಳ್ಳೆ ಕಾಟ ತಗ್ಗಿತು. ಮಲೇರಿಯಾ ಹರಡುವುದು ಸೊಳ್ಳೆಯಿಂದಲೇ ಎಂಬುದಕ್ಕೆ 1897ರಲ್ಲಿ ಸಿಕಂದರಾಬಾದ್‌ನಲ್ಲಿ ಅವರಿಗೆ ಸುಳಿವು ಸಿಕ್ಕಿತು. 1902ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಗದಗ, ಮುಂಡರಗಿ, ಶಿರಹಟ್ಟಿ ಕಡೆ ಹಲವೆಡೆ ನಳದ ನೀರು ದಿನವೂ ಬರುವುದಿಲ್ಲ. ಹೀಗಾಗಿ ಮನೆಮನೆಯಲ್ಲೂ ನೀರು ತುಂಬಿಡುವುದು ಅನಿವಾರ್ಯ; ರಾಸ್ ಕಂಡ ತೊಟ್ಟಿಯಂತೆ ಅಲ್ಲೂ ಸೊಳ್ಳೆ ಮರಿ ಮಾಡಬಹುದು. ಬ್ಯಾರಲ್ಲಿಗೆ ಬಿಗಿಯಾದ ಮುಚ್ಚಳ ಹಾಕಿ. ದನದ ಬಾನಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ, ತಿಕ್ಕಿ ತೊಳೆದು ಒಣಗಿಸಿ. ನಿಮ್ಮ ಒಂದು ಮನೆಯ ಕೆಲಸವೂ ರಾಸ್ ಅವರ ಲೆಕ್ಕಕ್ಕೆ ಜಮೆಯಾಗುತ್ತದೆ.