ಡಿಸ್ಲೆಕ್ಸಿಯಾ ಇರುವ ಮಗುವಿಗೆ ಮನೆಯಲ್ಲೇ ಪಾಠ: ಯಾವ ಪಠ್ಯಕ್ರಮ?

ತುಮಕೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮೂರನೇ ತರಗತಿ ಮುಗಿಸಿದ ಮಗನಿಗೆ ಡಿಸ್ಲೆಕ್ಸಿಯಾ ಇದೆಯೆಂದು ಗೊತ್ತಾಗಿದೆ. ಅವನಿಗಿಂತ ಒಂದು ವರ್ಷ ಚಿಕ್ಕವಳಾದ ತಂಗಿ ಸಲೀಸಾಗಿ ಓದುತ್ತಾಳೆ. ಇಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬೇಕೆಂದಿದ್ದಾರೆ. "ಅಮೆರಿಕದಿಂದ ಬರುವ ಪಠ್ಯಕ್ರಮಗಳ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಒಂದೊಂದೂ ತನ್ನದೇ ವೈಜ್ಞಾನಿಕ ಎನ್ನುತ್ತದೆ. ಯಾವುದನ್ನು ತರಿಸಲಿ?" ಎಂಬುದು ಅವರ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು 1896ರ ಇಂಗ್ಲೆಂಡಿಗೆ ಹೋಗಬೇಕು. ಆ ವರ್ಷದ ನವೆಂಬರಿನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ ಹದಿನಾಲ್ಕರ ಹುಡುಗನ ಬಗ್ಗೆ ಬರೆದರು. ಚುರುಕು ಹುಡುಗ, ಆಟದಲ್ಲಿ ಮುಂದು. 749ನ್ನು 867ರಿಂದ ಗುಣಿಸು ಎಂದರೆ ಥಟ್ಟನೆ ಸರಿಯಾಗಿ ಗುಣಿಸುತ್ತಿದ್ದ. ಆದರೆ ಏಳನೇ ವಯಸ್ಸಿನಿಂದ ಪಾಠ ಹೇಳಿಸಿಕೊಂಡಿದ್ದರೂ ತನ್ನ ಹೆಸರನ್ನೇ 'ಪ್ರೆಸಿ' ಎಂದು ಬರೆಯುತ್ತಿದ್ದ, ಎತ್ತಿ ತೋರಿಸಿದರೂ ತಪ್ಪು ಅವನಿಗೆ ತಕ್ಷಣ ಕಾಣುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ಈ ಮೇಷ್ಟ್ರ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಆ ಕಾಲದಲ್ಲಿ ಓದಿನ ಇಂಥ ತೊಂದರೆಯನ್ನು ಕಂಡವರಲ್ಲಿ ಕಣ್ಣಿನ ವೈದ್ಯರೇ ಹೆಚ್ಚು. ಡಿಸ್ಲೆಕ್ಸಿಯಾ ಎಂಬ ಹೆಸರಿಟ್ಟ ಜರ್ಮನಿಯ ರುಡಾಲ್ಫ್ ಬರ್ಲಿನ್, ಗ್ಲಾಸ್ಗೋದ ಜೇಮ್ಸ್ ಹಿನ್ಷೆಲ್‌ವುಡ್ ಇಬ್ಬರೂ ನೇತ್ರತಜ್ಞರು. ಹಾಗಾಗಿ ತೊಂದರೆ ಇರುವುದು ಅಕ್ಷರ 'ಕಾಣುವ' ಕಡೆ ಎಂಬ ನಂಬಿಕೆ ಬಹುಕಾಲ ಉಳಿಯಿತು. 1925ರಲ್ಲಿ ಅಮೆರಿಕದ ಅಯೋವಾದ ಸ್ಯಾಮ್ಯುಯೆಲ್ ಆರ್ಟನ್ ಮಿದುಳಿನ ಎಡ ಬಲ ಭಾಗಗಳ ನಡುವಿನ ಹೊಯ್ದಾಟ ಇದಕ್ಕೆ ಕಾರಣ ಎಂದರು. ಆ ಸಿದ್ಧಾಂತ ನಿಲ್ಲಲಿಲ್ಲ. ಅವರೊಂದಿಗೆ ಕೆಲಸ ಮಾಡಿದ ಆನಾ ಗಿಲ್ಲಿಂಗ್ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್‌ಮನ್ 1930ರ ದಶಕದಲ್ಲಿ ರೂಪಿಸಿದ ಕಲಿಸುವ ಕ್ರಮ ಮಾತ್ರ ನಿಂತಿತು. ಇಂದು ಮಾರಾಟವಾಗುವ ಬಹುಪಾಲು ಡಿಸ್ಲೆಕ್ಸಿಯಾ ಪಠ್ಯಕ್ರಮಗಳು ಇದರ ಮಕ್ಕಳು ಮೊಮ್ಮಕ್ಕಳೇ.

ತೊಂದರೆಯ ಬೇರು ಎಲ್ಲಿದೆ ಎಂಬುದನ್ನು 1970ರ ದಶಕದಲ್ಲಿ ಇಸಾಬೆಲ್ ಲಿಬರ್‌ಮನ್ ಬಳಗ ತೋರಿಸಿತು. ಮಾತಿನಲ್ಲಿರುವ ಬಿಡಿ ಧ್ವನಿಗಳಿಗೆ ಒಂದೊಂದು ತಟ್ಟು ತಟ್ಟಿ ಎಂದರೆ ನಾಲ್ಕು ವರ್ಷದ ಒಂದು ಮಗುವಿಗೂ ಆಗಲಿಲ್ಲ. ಆರು ವರ್ಷದವರಲ್ಲಿ ಸುಮಾರು ಶೇಕಡ 70ರಷ್ಟು ಮಕ್ಕಳಿಗೆ ಬಂತು. ಹೀಗೆ ಮಾತನ್ನು ಬಿಡಿಸಿ ಕೇಳುವುದೇ ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಿಗೆ ಕಷ್ಟ. ಆದ್ದರಿಂದಲೇ ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಇವುಗಳಿಗೆ ದುಡ್ಡು ಹಾಕಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ನೇತ್ರವೈದ್ಯರ ಅಕಾಡೆಮಿಯೂ 2009ರಲ್ಲಿ ಜೊತೆಯಾಗಿ ಇವಕ್ಕೆ ಆಧಾರವಿಲ್ಲ ಎಂದಿವೆ. 'ನಿಮ್ಮ ಮಗು ನೋಡಿ ಕಲಿಯುವುದೋ ಕೇಳಿ ಕಲಿಯುವುದೋ' ಎಂದು ಪರೀಕ್ಷಿಸಿ ಅದಕ್ಕೆ ತಕ್ಕ ಪುಸ್ತಕ ಕೊಡುತ್ತೇವೆ ಎನ್ನುವವರನ್ನೂ ನಂಬಬೇಡಿ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಈ ಕುರಿತ ಸಂಶೋಧನೆಗಳನ್ನೆಲ್ಲ ಜಾಲಾಡಿದಾಗ ತಕ್ಕ ಪುರಾವೆ ಸಿಗಲಿಲ್ಲ.

ಹಾಗಾದರೆ ಒಳ್ಳೆಯ ಪಠ್ಯಕ್ರಮ ಹೇಗಿರುತ್ತದೆ? ಸಂಗೀತದ ಪಾಠದ ಹಾಗೆ. ಮೊದಲ ದಿನವೇ ಯಾರೂ ಕೃತಿ ಹೇಳಿಕೊಡುವುದಿಲ್ಲ. ಸರಳೆ, ಜಂಟಿ, ಅಲಂಕಾರ, ಆಮೇಲೆ ಗೀತೆ. ಹಿಂದಿನದು ನಾಲಿಗೆಗೆ ಕೂರುವ ತನಕ ಮುಂದಿನದಿಲ್ಲ, ಹೊಸ ಪಾಠಕ್ಕೆ ಮುನ್ನ ಹಳೆಯದನ್ನು ಮೂರು ಕಾಲದಲ್ಲೂ ಹಾಡಿಸುತ್ತಾರೆ. ಕೇಳಿ ಕೇಳಿ ತಾನಾಗಿಯೇ ಹಾಡುವ ಮಕ್ಕಳಿದ್ದಾರೆ, ಪುಸ್ತಕ ತಿರುವುತ್ತಾ ತಾನಾಗಿಯೇ ಓದುವ ಮಕ್ಕಳೂ ಇದ್ದಾರೆ, ಪತ್ರದಲ್ಲಿರುವ ತಂಗಿಯಂತೆ. ಅಣ್ಣನಿಗೆ ಸರಳೆ ವರಸೆ ಬೇಕು. ಚಿತ್ರ ನೋಡಿ ಪದ ಊಹಿಸು ಎನ್ನುವ ಪುಸ್ತಕ ಎಷ್ಟೇ ಚಂದವಿರಲಿ, ಅವನಿಗೆ ಬೇಡ.

ಇನ್ನು ಯಾವ ಹೆಸರಿನದು ಎಂಬ ಪ್ರಶ್ನೆ. ಜೋಸೆಫ್ ಟಾರ್ಗೆಸನ್ ಬಳಗ 2001ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಈ ಪ್ರಶ್ನೆಗೆ ಸಿಕ್ಕ ಅತ್ಯುತ್ತಮ ಉತ್ತರ. ಓದಿನಲ್ಲಿ ತೀರಾ ಹಿಂದಿದ್ದ, ಎಂಟರಿಂದ ಹತ್ತು ವರ್ಷದ 60 ಮಕ್ಕಳನ್ನು ಎರಡು ಗುಂಪು ಮಾಡಿ ಬೇರೆ ಬೇರೆ ಪಠ್ಯಕ್ರಮದಲ್ಲಿ ಕಲಿಸಿದರು. ಒಂದರಲ್ಲಿ ಪ್ರತಿ ಧ್ವನಿ ಬಾಯಲ್ಲಿ ಹೇಗೆ ಹುಟ್ಟುತ್ತದೆ ಎಂಬಲ್ಲಿಂದ ಶುರು, ಇನ್ನೊಂದರಲ್ಲಿ ಓದು ಬರಹಕ್ಕೇ ಹೆಚ್ಚು ಸಮಯ. ಒಂದು ಮಗುವಿಗೆ ಒಬ್ಬ ಶಿಕ್ಷಕರು, ದಿನಕ್ಕೆ 50 ನಿಮಿಷದ ಎರಡು ಪಾಠ, ಎಂಟು ವಾರ. ಒಟ್ಟು ಅರವತ್ತೇಳೂವರೆ ಗಂಟೆ. ಎರಡೂ ಗುಂಪು ಒಂದೇ ಸಮನಾಗಿ ಮೇಲೆದ್ದವು. ಎರಡು ವರ್ಷದ ನಂತರವೂ ಆ ಗಳಿಕೆ ಉಳಿದಿತ್ತು. ಓದಿನ ವೇಗ ಮಾತ್ರ ಅಷ್ಟು ಸುಧಾರಿಸಲಿಲ್ಲ. ಅಂದರೆ ಫಲ ಕೊಟ್ಟದ್ದು ಪುಸ್ತಕದ ಮೇಲಿನ ಹೆಸರಲ್ಲ, ಧ್ವನಿ ಅಕ್ಷರಗಳ ನಂಟನ್ನು ಬಿಡಿಸಿ ಹೇಳಿದ್ದು, ಕ್ರಮ ತಪ್ಪದ್ದು, ದಿನವೂ ಮಗುವಿನ ಪಕ್ಕ ಒಬ್ಬರು ಕೂತದ್ದು. ಮನೆಪಾಠದಲ್ಲಿ ಈ ಕೊನೆಯದಕ್ಕೆ ದುಡ್ಡು ಬೇಕಿಲ್ಲ.

ಅಮೆರಿಕದ ಪಠ್ಯಕ್ರಮ ಇಂಗ್ಲಿಷಿಗೆ. ಕನ್ನಡಕ್ಕೆ ಕ್ರಮವನ್ನು ನೀವೇ ಕಟ್ಟಬೇಕು, ಕಾಗುಣಿತ ಅದಕ್ಕೆ ಬೇಕಾದಷ್ಟು ಒದಗಿಸುತ್ತದೆ. ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಮ್ಮ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ಹಾಗಾಗಿ ಒತ್ತಕ್ಷರಕ್ಕೆ ಅವಸರ ಬೇಡ. ಮೊದಲು ಸರಳ ಅಕ್ಷರ, ಬಳಿಕ ಒಂದೊಂದೇ ಗುಣಿತ, ಹ್ರಸ್ವ ದೀರ್ಘಗಳನ್ನು ಜೋಡಿಯಾಗಿ ಕೇಳಿಸಿ: ಬಳೆ ಅಲ್ಲ ಬಾಳೆ, ಹುಳು ಅಲ್ಲ ಹೂಳು. ಆಮೇಲೆ 'ಅಕ್ಕ', 'ಅಪ್ಪ'ದಂಥ ಸಜಾತಿ ಒತ್ತು. ತ, ನ, ಮ, ಯ, ರ, ಲ ಒತ್ತಾದಾಗ ಪೂರ್ತಿ ರೂಪ ಬದಲಿಸುತ್ತವೆ, ಅವಕ್ಕೆ ಬೇರೆಯೇ ವಾರ ಮೀಸಲಿಡಿ. ಎಲ್ಲಕ್ಕಿಂತ ಕೊನೆಗೆ ಅರ್ಕಾವತ್ತು. 'ಸೂರ್ಯ' ಎನ್ನುವಾಗ ರಕಾರ ಮೊದಲು ಕೇಳುತ್ತದೆ, ಬರೆಯುವಾಗ ಯಕಾರದ ನಂತರ ಬರುತ್ತದೆ. ಮಗು 'ಸೂಯ್ರ' ಎಂದು ಓದಿದರೆ ಗದರಬೇಡಿ, ಅದು ಬರೆದ ಸಾಲಿನಲ್ಲೇ ಓದಿದೆ.

ಈಗ ಪರ್ಸಿಯ ಮೇಷ್ಟ್ರ ಮಾತು: ಪಾಠ ಬಾಯಿಮಾತಿನಲ್ಲಾದರೆ ಓದಲು ಕಷ್ಟಪಡುವ ಮಗುವೂ ಜಾಣನೇ. 'ಮೂರನೇ ತರಗತಿ ಪ್ಯಾಕ್', 'ನಾಲ್ಕನೇ ತರಗತಿ ಪ್ಯಾಕ್' ಎಂದು ಎಲ್ಲ ವಿಷಯ ಒಟ್ಟಿಗೆ ಕಟ್ಟಿ ಮಾರುವುದನ್ನು ಕೊಳ್ಳಬೇಡಿ. ಪತ್ರದಲ್ಲಿರುವ ಹುಡುಗ ಓದಿನಲ್ಲಿ ಒಂದನೇ ತರಗತಿಯ ಮಟ್ಟದಲ್ಲಿದ್ದರೂ, ವಿಜ್ಞಾನದಲ್ಲಿ ಐದನೆಯದನ್ನು ಕೇಳಿ ಅರ್ಥ ಮಾಡಿಕೊಳ್ಳಬಹುದು. ವಿಜ್ಞಾನ, ಚರಿತ್ರೆಗಳನ್ನು ಅಣ್ಣ ತಂಗಿ ಇಬ್ಬರಿಗೂ ಕೂರಿಸಿ ಗಟ್ಟಿಯಾಗಿ ಓದಿಹೇಳಿ, ಉತ್ತರ ಬಾಯಲ್ಲೇ ಕೇಳಿ. ಓದು ಬರಹ ಮಾತ್ರ ಬೇರೆ ಬೇರೆ, ಒಬ್ಬರ ಎದುರು ಇನ್ನೊಬ್ಬರಿಗೆ ಬೇಡ. ಲೆಕ್ಕದಲ್ಲೂ ತೊಡಕಿದ್ದರೆ ಅದನ್ನು ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಿ.

ಮುಂದಿನ ಪರೀಕ್ಷೆಗಳ ಚಿಂತೆಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. 3, 5, 8ನೇ ತರಗತಿಗೆ ಸಮನಾದ ಹಂತಗಳೂ ಅಲ್ಲಿವೆ, ಹತ್ತನೆಯದನ್ನು ಐದು ವರ್ಷದ ಅವಧಿಯಲ್ಲಿ ಒಂದೊಂದೇ ವಿಷಯವಾಗಿ ಮುಗಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕೆಯ ನ್ಯೂನತೆಯೂ ಸೇರಿದೆ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ಬೇಕಿದ್ದರೆ ಪ್ರಮಾಣಪತ್ರ ಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದಕ್ಕೆ ಬೇಕಾದ ತಪಾಸಣೆ ಮಾಡುತ್ತಾರೆ. ಪಠ್ಯಕ್ರಮಕ್ಕೆ ತೆಗೆದಿಟ್ಟ ಹಣದಲ್ಲಿ ಮೊದಲು ಆ ಪ್ರಯಾಣ ಮುಗಿಸಿ, ಕಿವಿ ಕಣ್ಣುಗಳನ್ನೂ ತೋರಿಸಿ. ಪುಸ್ತಕದ ಆರ್ಡರ್ ಅದಾದ ಮೇಲಿರಲಿ.