ಹಣ್ಣು ತರಕಾರಿಗಳ ಪುಡಿ: ಕೊಳ್ಳತಕ್ಕದ್ದೇ?

ಈಚಿನ ವರ್ಷಗಳಲ್ಲಿ ನಮ್ಮ ಪೇಟೆಗಳ ಔಷಧದಂಗಡಿಗಳಲ್ಲಿಯೂ, ಮೊಬೈಲ್ ಫೋನಿನ ಮೂಲಕ ತರಿಸಿಕೊಳ್ಳುವ ಕಟ್ಟುಗಳಲ್ಲಿಯೂ, ಎಲ್ಲಕ್ಕಿಂತ ಹೆಚ್ಚಾಗಿ ಬಂಧುಮಿತ್ರರ ಕೈಚೀಲಗಳಲ್ಲಿಯೂ ಒಂದು ಸರಕು ಸಂಚರಿಸುತ್ತಿದೆ. ಹಣ್ಣು ತರಕಾರಿಗಳನ್ನು ಒಣಗಿಸಿ, ಪುಡಿಮಾಡಿ, ಡಬ್ಬಿಯಲ್ಲಿಯೋ ಗುಳಿಗೆಯಲ್ಲಿಯೋ ತುಂಬಿ, ಅದಕ್ಕೆ ‘ಪೂರಕ ಆಹಾರ’ವೆಂದು ಹೆಸರಿಟ್ಟು ಮಾರುತ್ತಾರೆ. ಡಬ್ಬಿಯ ಮೇಲೆ ಕಿತ್ತಳೆ, ದಾಳಿಂಬೆ, ಗಜ್ಜರಿಗಳ ಸುಂದರವಾದ ಚಿತ್ರಗಳಿರುತ್ತವೆ. ದಿನಕ್ಕೆರಡು ಗುಳಿಗೆ ನುಂಗಿದರೆ ತರಕಾರಿ ಹೆಚ್ಚುವ ಶ್ರಮವೇ ಬೇಡವೆಂದು ಮಾರುವವರು ಹೇಳುತ್ತಾರೆ. ಬೆಂಗಳೂರು, ತುಮಕೂರುಗಳಂಥ ಪಟ್ಟಣಗಳವರು ಕೊಂಡರೆ ಅದೊಂದು ಮಾತು. ಗುರುಗುಂಡ ಬ್ರಹ್ಮೇಶ್ವರಸ್ವಾಮಿಯ ಮಠದಿಂದ ಹೆಸರಾದ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಂಥ ಊರುಗಳ, ಸೊಪ್ಪುಸದೆಗಳ ನಡುವೆಯೇ ಹುಟ್ಟಿ ಬೆಳೆದ ಮನೆಗಳೂ ಈ ಡಬ್ಬಿಗಾಗಿ ಹಣ ತೆರುವ ಕಾಲ ಬಂದಿರುವುದರಿಂದ, ಕೊಟ್ಟ ಹಣಕ್ಕೆ ದೊರೆಯುವುದೇನೆಂಬುದನ್ನು ವಿಚಾರಿಸುವುದು ಅವಶ್ಯಕವೆಂದು ನಮಗೆ ತೋರುತ್ತದೆ.

ಈ ವಿಚಾರಕ್ಕೆ ಬಹಳ ಪಾಂಡಿತ್ಯವೇನೂ ಬೇಕಾಗಿಲ್ಲ. ತ್ರೈರಾಶಿಯ ಲೆಕ್ಕ ಬಂದರೆ ಸಾಕು. ಹಸಿಯ ಸೊಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ ಆಗಿರುತ್ತದೆ. ಹಣ್ಣುಗಳಲ್ಲಿ ನೂರಕ್ಕೆ 80ರಿಂದ 85 ಪಾಲು. ನೀರನ್ನು ತೆಗೆದರೆ 10 ಗ್ರಾಂ ಸೊಪ್ಪಿನಿಂದ ಉಳಿಯುವುದು ಒಂದು ಗ್ರಾಂ ಪುಡಿ. ಒಂದು ಗುಳಿಗೆಯಲ್ಲಿ ಸಾಮಾನ್ಯವಾಗಿ ಹಿಡಿಯುವ ಪುಡಿ ಅರ್ಧ ಗ್ರಾಂ. ಈಗ, 60 ಗುಳಿಗೆಗಳಿರುವ ಡಬ್ಬಿಯೊಂದನ್ನು ಸಾವಿರ ರೂಪಾಯಿ ಕೊಟ್ಟು ತಂದೆವೆಂದು ಭಾವಿಸೋಣ. ಡಬ್ಬಿಯಲ್ಲಿರುವ ಪುಡಿ ಒಟ್ಟು 30 ಗ್ರಾಂ. ಅದರಲ್ಲಿ ಬೇರೆ ಯಾವ ಬೆರಕೆಯೂ ಇಲ್ಲದೆ ಅಷ್ಟೂ ಸೊಪ್ಪಿನದೇ ಎಂದು ಒಪ್ಪಿಕೊಂಡರೂ, ಹಸಿಯ ಲೆಕ್ಕದಲ್ಲಿ 300 ಗ್ರಾಂ ಮಾತ್ರ. ಹಣ್ಣಿನದಾದರೆ 200 ಗ್ರಾಂ ಮುಟ್ಟುವುದೂ ಕಷ್ಟ. ಎಂದರೆ ಸಂತೆಯಲ್ಲಿ ದೊರೆಯುವ ಎರಡು ಮೂರು ಕಟ್ಟು ಸೊಪ್ಪನ್ನು, ಅಥವಾ ಎರಡು ಸೀಬೆಹಣ್ಣುಗಳನ್ನು, ಒಂದು ತಿಂಗಳಿನುದ್ದಕ್ಕೂ ಹಂಚಿಕೊಂಡು ತಿಂದಂತಾಯಿತು!

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಸೂಚನೆಗಳಲ್ಲಿ, ವಯಸ್ಕನೊಬ್ಬನು ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪುಗಳನ್ನೂ 100 ಗ್ರಾಂ ಹಣ್ಣನ್ನೂ ತಿನ್ನಬೇಕೆಂದು ಹೇಳಿದೆ. ಮೇಲಿನ ಡಬ್ಬಿಯು ಒಂದು ತಿಂಗಳಲ್ಲಿ ಕೊಡುವುದು ಈ ಒಂದು ದಿನದ ಪ್ರಮಾಣಕ್ಕೂ ಸಾಲದು. ಚಮಚದಲ್ಲಿ ಅಳೆದು ನೀರಿಗೆ ಕಲಸಿಕೊಳ್ಳುವ ಪುಡಿಗಳ ಸ್ಥಿತಿ ಇದಕ್ಕಿಂತ ಸ್ವಲ್ಪ ಮೇಲು. ದಿನಕ್ಕೆ 10 ಗ್ರಾಂ ಸೇವಿಸಿದರೆ ಹೆಚ್ಚೆಂದರೆ 100 ಗ್ರಾಂ ಸೊಪ್ಪಿನಷ್ಟಾದೀತು. ಆದರೆ ಅವುಗಳಲ್ಲಿ ರುಚಿಗಾಗಿ ಸಕ್ಕರೆಯನ್ನೂ, ಗಂಟು ಕಟ್ಟದಿರಲೆಂದು ಮಾಲ್ಟೊಡೆಕ್ಸ್ಟ್ರಿನ್ ಎಂಬ ಪಿಷ್ಟದ ಪುಡಿಯನ್ನೂ ಸೇರಿಸುವ ವಾಡಿಕೆಯುಂಟು. ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲನೆಯ ಹೆಸರೇ ಇವುಗಳಲ್ಲೊಂದಾಗಿದ್ದರೆ ಹಣ್ಣಿನ ಹೆಸರಿನಲ್ಲಿ ಪಿಷ್ಟವನ್ನೋ ಸಕ್ಕರೆಯನ್ನೋ ಕೊಂಡಂತೆ. ಮಧುಮೇಹಿಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹಾಗಾದರೆ ಇದೇ ಡಬ್ಬಿಯ ಮೇಲೆ ಇಂಥ ಜೀವಸತ್ತ್ವ ನೂರಕ್ಕೆ ನೂರು ಪಾಲು ಇದೆಯೆಂದು ಅಚ್ಚು ಹಾಕಿರುತ್ತಾರಲ್ಲ, ಅದು ಸುಳ್ಳೇ ಎಂದು ವಾಚಕರು ಕೇಳಬಹುದು. ಸುಳ್ಳಾಗಿರಬೇಕಾಗಿಲ್ಲ. ಆದರೆ ಅರ್ಧ ಗ್ರಾಂ ಪುಡಿಯಿಂದ ಅಷ್ಟು ಸತ್ತ್ವ ಬರುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಜೀವಸತ್ತ್ವಗಳನ್ನು ಪುಡಿಗೆ ಬೆರೆಸಿದಾಗ ಬರುತ್ತದೆ. ಬೆರೆಸುವುದು ಅಪರಾಧವಲ್ಲ. ಆದರೆ ಅದೇ ಜೀವಸತ್ತ್ವಗಳು ಔಷಧದಂಗಡಿಯಲ್ಲಿ ಸಾಧಾರಣ ಮಾತ್ರೆಯ ರೂಪದಲ್ಲಿ ಅತ್ಯಲ್ಪ ಬೆಲೆಗೆ ದೊರೆಯುವಾಗ, ಹಣ್ಣಿನ ಚಿತ್ರಕ್ಕಾಗಿ ಹಲವು ಪಟ್ಟು ಹಣ ತೆರುವುದರಲ್ಲಿ ಅರ್ಥವೇನೆಂದು ನಾವು ಕೇಳುತ್ತೇವೆ.

ಮಾರುವವರಲ್ಲಿ ಚತುರರಾದವರು ಇನ್ನೊಂದು ಉತ್ತರ ಕೊಡುತ್ತಾರೆ: ಇದು ಬರಿಯ ಪುಡಿಯಲ್ಲ, ರಾಶಿ ಹಣ್ಣಿನಿಂದ ಇಳಿಸಿದ ಸಾರ, ಆದುದರಿಂದ ತೂಕದ ಲೆಕ್ಕ ಇದಕ್ಕೆ ಹೊಂದುವುದಿಲ್ಲ ಎಂದು. ಒಳ್ಳೆಯದು. ಆದರೆ ಸಾರ ಇಳಿಸುವುದೆಂದರೆ ಹಣ್ಣಿನಲ್ಲಿರುವ ನೂರಾರು ಪದಾರ್ಥಗಳಲ್ಲಿ ಒಂದೆರಡನ್ನು ಮಾತ್ರ ಎತ್ತಿಕೊಂಡು, ನಾರು ಮೊದಲಾದ ಉಳಿದವನ್ನು ಬಿಸಾಡುವುದು. ಹೀಗೆ ಎತ್ತಿಕೊಂಡ ಒಂದು ಸತ್ತ್ವವು ಇಡಿಯ ಹಣ್ಣಿನಂತೆಯೇ ವರ್ತಿಸುವುದೆಂದು ನಂಬಿದ ವಿಜ್ಞಾನಿಗಳೇ ಹಿಂದೆ ಬೆಚ್ಚಿಬಿದ್ದ ಪ್ರಸಂಗವೊಂದುಂಟು. ಗಜ್ಜರಿ, ಪರಂಗಿ, ಸೊಪ್ಪುಗಳನ್ನು ಧಾರಾಳವಾಗಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೆಂದು ಕಂಡುಬಂದುದರಿಂದ, ಅವುಗಳಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಸತ್ತ್ವವನ್ನು ಗುಳಿಗೆಯಾಗಿ ಕೊಟ್ಟು ಪರೀಕ್ಷಿಸಿದರು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಪ್ರಕಟವಾಯಿತು. ಆ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವುದಿರಲಿ, ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 18,314 ಮಂದಿಯ ಮೇಲೆ ಬೀಟಾ ಕ್ಯಾರೊಟಿನ್ನನ್ನು ‘ಎ’ ಜೀವಸತ್ತ್ವದೊಡನೆ ಕೊಟ್ಟು ನಡೆಸುತ್ತಿದ್ದ ಇಂಥದೇ ಪರೀಕ್ಷೆಯಲ್ಲಿ ಹೆಚ್ಚಳವು ನೂರಕ್ಕೆ 28ರಷ್ಟು ಕಂಡುಬಂದುದರಿಂದ, ಅದನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಪರಂಗಿಹಣ್ಣು ತಿಂದವರಿಗೆ ಇಂಥ ಕೇಡು ಬಂದುದನ್ನು ಯಾರೂ ಕಂಡಿಲ್ಲ. ಬೀಡಿ ಸೇದುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಮನೆಯವರು ‘ಶ್ವಾಸಕೋಶಕ್ಕೆ ಒಳ್ಳೆಯದು’ ಎಂಬ ಮಾತಿಗೆ ಮರುಳಾಗಿ ಇಂಥ ಗುಳಿಗೆ ಕೊಳ್ಳುವ ಮುನ್ನ ಈ ಸಂಗತಿಯನ್ನು ತಿಳಿದಿರುವುದು ಒಳಿತು.

ಈ ವ್ಯಾಪಾರವು ನಿರ್ಬಾಧವಾಗಿ ನಡೆಯುವ ಅಮೆರಿಕದಲ್ಲಿಯೂ ಸರಕಾರವು ಸುಮ್ಮನೆ ಕುಳಿತಿಲ್ಲ. ಹಣ್ಣು ತರಕಾರಿಗಳ ಗುಳಿಗೆಗಳನ್ನು ಮಾರುವ ‘ಬ್ಯಾಲೆನ್ಸ್ ಆಫ್ ನೇಚರ್’ ಎಂಬ ಕಂಪನಿಯು ಅವುಗಳ ಗುಣದ ವಿಚಾರದಲ್ಲಿ ಜಾಹೀರಾತುಗಳಲ್ಲಿ ಆಡಿದ ಮಾತಿಗಾಗಿ ಕ್ಯಾಲಿಫೋರ್ನಿಯದಲ್ಲಿ ದಾವೆಗೆ ಗುರಿಯಾಗಿ, 2023ರ ಜುಲೈಯಲ್ಲಿ 11 ಲಕ್ಷ ಡಾಲರುಗಳನ್ನು ತೆರಲೊಪ್ಪಿ ರಾಜಿಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿಯ ಆಹಾರ ಮತ್ತು ಔಷಧ ಇಲಾಖೆಯ ಮೊಕದ್ದಮೆಯಲ್ಲಿ, ನಿಬಂಧನೆಗಳು ಪೂರೈಸುವವರೆಗೆ ಮಾರಾಟ ನಿಲ್ಲಿಸತಕ್ಕದ್ದೆಂದು ನ್ಯಾಯಾಲಯದ ಆಜ್ಞೆಯೂ ಆಯಿತು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಮೂಕವಾಗಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಕೆಳಗೆ 2016ರಲ್ಲಿ ಮಾಡಿದ ನಿಯಮಗಳಂತೆ ಇಂಥ ಸರಕಿನ ಮೇಲೆ ‘ಔಷಧೋಪಯೋಗಕ್ಕಲ್ಲ’ ಎಂಬರ್ಥದ ಮಾತನ್ನು ಅಚ್ಚು ಹಾಕಲೇಬೇಕು. ಡಬ್ಬಿಯ ಮೇಲೆ ಹೀಗೆ ಅಚ್ಚಾಗಿರುವಾಗ, ಅದನ್ನು ತಂದವರ ಬಾಯಲ್ಲಿ ಅದೇ ಡಬ್ಬಿಯು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೀಲುನೋವುಗಳನ್ನೆಲ್ಲ ಪರಿಹರಿಸುವ ಸಂಜೀವಿನಿಯಾಗಿಬಿಡುತ್ತದೆ. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಆ ಕಾಯಿದೆಯ 53ನೆಯ ಪ್ರಕರಣದಂತೆ 10 ಲಕ್ಷ ರೂಪಾಯಿಗಳವರೆಗೆ ದಂಡವುಂಟು; ಆದರೆ ಜಗಲಿಯ ಮೇಲೆ ಕುಳಿತು ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ಕಳೆಯಬೇಕು. ಡಬ್ಬಿಯ ಮೇಲಿರುವ 14 ಅಂಕಿಗಳ ಲೈಸೆನ್ಸ್ ನಂಬರು, ತಯಾರಕನಿಗೆ ಆಹಾರ ತಯಾರಿಸಲು ಪರವಾನಗಿಯಿದೆಯೆಂಬುದನ್ನು ಸೂಚಿಸುತ್ತದೆಯೇ ಹೊರತು, ಈ ಪುಡಿಯಿಂದ ಇಂಥ ಉಪಕಾರವಾಗುವುದೆಂದು ಸರಕಾರವು ಪರೀಕ್ಷಿಸಿ ಕೊಟ್ಟ ಯೋಗ್ಯತಾಪತ್ರವಲ್ಲ.

ಜಗಲಿಯ ಮಾತು ಬಂದುದರಿಂದ, ಕಹಿಯಾದರೂ ಒಂದು ವಿಷಯವನ್ನು ಹೇಳಬೇಕಾಗಿದೆ. ಈ ಡಬ್ಬಿಗಳನ್ನು ಹಳ್ಳಿಗಳಿಗೆ ಒಯ್ಯುವವರಲ್ಲಿ ಅಪರಿಚಿತರು ಕಡಿಮೆ. ಊರಿನವರು ನಂಬುವ ಜನ, ಕೆಲವೆಡೆ ಉಪಾಧ್ಯಾಯರೂ ಗುಮಾಸ್ತರೂ ಸಹ, ತಮ್ಮ ಕೆಳಗೆ ಇನ್ನಷ್ಟು ಜನರನ್ನು ಸೇರಿಸಿದರೆ ಕಮಿಷನ್ ಬರುವುದೆಂಬ ಆಶೆಯಿಂದ ಈ ಕೆಲಸಕ್ಕೆ ಕೈಹಾಕುತ್ತಾರೆ. ಜನರನ್ನು ಸೇರಿಸುವುದರ ಮೇಲೆಯೇ ನಿಂತ ಪಿರಮಿಡ್ ಯೋಜನೆಗಳನ್ನು ಕೇಂದ್ರ ಸರಕಾರದ 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಸರಕಾರಿ ನೌಕರರು ಅನುಮತಿಯಿಲ್ಲದೆ ಖಾಸಗಿ ವ್ಯಾಪಾರದಲ್ಲಿ ತೊಡಗಕೂಡದೆಂದು ನಡತೆಯ ನಿಯಮಗಳೂ ಇವೆ. ತಮ್ಮ ಕಚೇರಿಗೆ ಅರ್ಜಿ ಹಿಡಿದು ಬಂದ ರೈತನಿಗೆ ಡಬ್ಬಿಯ ಗುಣವನ್ನು ವರ್ಣಿಸಿದರೆ ಅವನು ಬೇಡವೆನ್ನುವುದಾದರೂ ಹೇಗೆ? ನಮ್ಮ ವಾಚಕರಲ್ಲಿ ಅನೇಕರು ಅಧಿಕಾರಿಗಳಾದುದರಿಂದ ಈ ಮಾತನ್ನು ಅವರ ಮುಂದೆಯೇ ಇಡುತ್ತಿದ್ದೇವೆ.

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮ ಜನರಿಗೆ ಪೋಷಣೆಯ ಕೊರತೆಯಿಲ್ಲವೆಂದಾಗಲಿ, ಮಾತ್ರೆಗಳೆಲ್ಲ ವ್ಯರ್ಥವೆಂದಾಗಲಿ ಯಾರೂ ಭಾವಿಸಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಗರ್ಭಿಣಿಯರಿಗೂ ಹದಿಹರೆಯದವರಿಗೂ ಬೇಕಾದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸರಕಾರವೇ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ಹಂಚುತ್ತದೆ. ಹಾಲು ಮೊಟ್ಟೆಗಳಿಲ್ಲದ ಸಸ್ಯಾಹಾರದವರಿಗೆ ‘ಬಿ–12’ ಜೀವಸತ್ತ್ವ ಬೇಕಾಗಬಹುದು. ಅದು ಹಣ್ಣು ತರಕಾರಿಗಳಲ್ಲಿ ಇರುವುದೇ ಇಲ್ಲವಾದುದರಿಂದ ಅವುಗಳ ಪುಡಿಯಲ್ಲಿ ಹುಡುಕುವುದೂ ವ್ಯರ್ಥ. ಉಚಿತವಾಗಿ ಬಂದ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆತು, ಸಾವಿರ ರೂಪಾಯಿಯ ಡಬ್ಬಿಯನ್ನು ಸಾಲ ಮಾಡಿ ತರುವ ಮನೆಗಳ ವಿಚಾರವೇ ನಮಗೆ ಹೆಚ್ಚು ವ್ಯಸನವನ್ನುಂಟುಮಾಡುವುದು.

ಇನ್ನು ನಮ್ಮ ಸೀಮೆಯ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಮಳೆ ಕಡಿಮೆಯ ಬಯಲುಸೀಮೆ. ಮಲೆನಾಡಿನ ಸಮೃದ್ಧಿ ಇಲ್ಲಿಲ್ಲ. ಆದರೂ ಇದು ಹಣ್ಣುಸೊಪ್ಪುಗಳಿಗೆ ಬಡವಾದ ನಾಡಲ್ಲ. ದಾಳಿಂಬೆಯಲ್ಲಿ ಮಧುಗಿರಿಯ ಹೆಸರಿನ ತಳಿಯೇ ಉಂಟು. ನೆರೆಯ ಗುಬ್ಬಿ ತಾಲ್ಲೂಕಿನ ಚೇಳೂರಿನ ತೋಟದಲ್ಲಿ ದೊರೆತ ತಾಮ್ರವರ್ಣದ ಹಲಸನ್ನು ‘ಸಿದ್ದು’ ಎಂಬ ಹೆಸರಿನಿಂದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪ್ರಸಿದ್ಧಿಗೆ ತಂದುದು ವಾಚಕರಿಗೆ ನೆನಪಿರಬಹುದು. ಆ ಕೆಂಪಿನಲ್ಲಿರುವುದು ಡಬ್ಬಿಯವರು ಕೊಂಡಾಡುವ ಜಾತಿಯ ವರ್ಣಸತ್ತ್ವಗಳೇ. ಸೀಬೆ, ಪರಂಗಿ, ಸೀತಾಫಲ, ನೇರಳೆ, ಬೆಟ್ಟದ ನೆಲ್ಲಿಗಳು ಅವುಗಳ ಕಾಲದಲ್ಲಿ ಸಂತೆಗೆ ಬಂದೇ ಬರುತ್ತವೆ. ವಯಸ್ಕ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ‘ಸಿ’ ಜೀವಸತ್ತ್ವ ಬೇಕೆಂದು ನಿಗದಿಯಾಗಿದೆ. 100 ಗ್ರಾಂ ಸೀಬೆಹಣ್ಣಿನಲ್ಲಿಯೇ ಅದು ಸುಮಾರು 200 ಮಿಲಿಗ್ರಾಂ ಇರುತ್ತದೆ. ಒಣಗಿಸಿದಾಗ ಎಲ್ಲಕ್ಕಿಂತ ಮೊದಲು ನಷ್ಟವಾಗುವ ಸತ್ತ್ವವೂ ಇದೇ.

ಸೊಪ್ಪಿನ ವಿಷಯದಲ್ಲಂತೂ ನಮ್ಮ ಹೆಂಗಸರ ಜ್ಞಾನವು ಯಾವ ಸಂಶೋಧನಾಲಯಕ್ಕೂ ಕಡಿಮೆಯದಾಗಿರಲಿಲ್ಲ. ಒಂದು ಮಳೆ ಬಿದ್ದರೆ ಹೊಲದ ಬದುಗಳಿಂದ ಹೊನಗೊನೆ, ಅಣ್ಣೆ, ಗೋಣಿ, ಕಿರಕಸಾಲೆಗಳನ್ನು ಮಡಿಲು ತುಂಬ ಕಿತ್ತು ತಂದು ಬೆರಕೆಸೊಪ್ಪಿನ ಬಸ್ಸಾರು ಮಾಡುತ್ತಿದ್ದರು. ರಾಗಿಮುದ್ದೆಯ ಜೊತೆಗೆ ಆ ಸಾರು, ಅದಕ್ಕೆ ಹಿಂಡಿದ ಹುಳಿ: ಸೊಪ್ಪಿನ ಕಬ್ಬಿಣವು ಮೈಗೆ ಹತ್ತಬೇಕಾದರೆ ಈ ಹುಳಿಯೇ ಸಹಾಯಕವೆಂದು ಇಂದಿನ ಶಾಸ್ತ್ರವೂ ಹೇಳುತ್ತದೆ. ಗಾಂಧೀಜಿಯವರು 1935ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಹಸುರೆಲೆಗಳನ್ನು ಕುರಿತು ಬರೆದು, ಹಳ್ಳಿಯಲ್ಲಿ ಪುಕ್ಕಟೆಯಾಗಿ ಬೆಳೆಯುವುದನ್ನು ತಿನ್ನಿರೆಂದು ಬೋಧಿಸಿದರು. ನಮ್ಮಲ್ಲಿ ಅದನ್ನು ಬೋಧಿಸುವ ಅವಶ್ಯಕತೆ ಆಗ ಇರಲಿಲ್ಲ, ಈಗ ಇದೆ. ಕಳೆನಾಶಕದ ಸಿಂಪಡಣೆ ಬಂದ ಮೇಲೆ ಬದುವಿನ ಸೊಪ್ಪನ್ನು ನಂಬಿ ಕೀಳುವಂತಿಲ್ಲ. ಸೊಪ್ಪು ಬಡವರ ಊಟವೆಂಬ ಸಂಕೋಚವೂ ಸೇರಿಕೊಂಡಿದೆ. ಡಬ್ಬಿಗೆ ದಾರಿ ತೆರೆದದ್ದು ಈ ಎರಡೇ ಎಂದು ನಮ್ಮ ಅಭಿಪ್ರಾಯ.

ವಿಷದ ಅಂಜಿಕೆಯಿಂದಲೇ ಪುಡಿಯನ್ನು ಕೊಳ್ಳುತ್ತೇವೆನ್ನುವವರಿಗೆ ಒಂದು ಮಾತು. ಪುಡಿಯೂ ಯಾವುದೋ ಹೊಲದಲ್ಲಿ ಬೆಳೆದ ಬೆಳೆಯಿಂದಲೇ ಬಂದುದು. ಒಣಗಿಸಿದಾಗ ಹೋಗುವುದು ನೀರು. ಅಂಟಿದ ವಿಷವೆಲ್ಲ ಅದರೊಡನೆ ಹೋಗಿಬಿಡುವುದೆಂಬ ಭರವಸೆಯಿಲ್ಲ. ಹಿತ್ತಲಲ್ಲಿ ಒಂದು ನುಗ್ಗೆಯ ಮರ, ಬಚ್ಚಲ ನೀರು ಹರಿಯುವೆಡೆ ಒಂದು ಪರಂಗಿ, ನಾಲ್ಕು ಮಡಿ ದಂಟು ಇಷ್ಟಿದ್ದರೆ ಆ ಅಂಜಿಕೆಗೆ ಅರ್ಧ ಪರಿಹಾರವಾಯಿತು. ಪುಡಿಯೇ ಬೇಕೆಂದರೆ ನುಗ್ಗೆಸೊಪ್ಪನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಚಟ್ನಿಪುಡಿಗೋ ರೊಟ್ಟಿಯ ಹಿಟ್ಟಿಗೋ ಸೇರಿಸಬಹುದು. ‘ಸಿ’ ಜೀವಸತ್ತ್ವ ಬಹುಮಟ್ಟಿಗೆ ಹೋದರೂ ಸುಣ್ಣ, ಕಬ್ಬಿಣ, ನಾರುಗಳು ಉಳಿಯುತ್ತವೆ, ಬೇಸಗೆಯಲ್ಲಿ ಸೊಪ್ಪು ಸಿಕ್ಕದಾಗ ಉಪಯೋಗಕ್ಕೆ ಬರುತ್ತದೆ, ಖರ್ಚೂ ಇಲ್ಲ.

ಈಗಾಗಲೇ ಡಬ್ಬಿಯನ್ನು ಕೊಂಡಿರುವವರು ಅದನ್ನು ಎಸೆಯಬೇಕೆಂದು ನಾವು ಹೇಳುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಸೊಪ್ಪಿನ ಪುಡಿಯಲ್ಲಿರುವ ‘ಕೆ’ ಜೀವಸತ್ತ್ವವು ಅಡ್ಡಿಯಾಗಬಲ್ಲುದು. ಮೂತ್ರಪಿಂಡದ ರೋಗಿಗಳಿಗೆ ಇವುಗಳಲ್ಲಿರುವ ಪೊಟ್ಯಾಸಿಯಂ ಹಾನಿಕರವಾಗಬಹುದು. ಇಂಥವರು ಡಬ್ಬಿಯನ್ನೇ ಒಯ್ದು ವೈದ್ಯರಿಗೆ ತೋರಿಸತಕ್ಕದ್ದು. ಡಬ್ಬಿ ಬಂದಿತೆಂದು ಸಕ್ಕರೆ ಕಾಯಿಲೆಯ ಅಥವಾ ರಕ್ತದೊತ್ತಡದ ಔಷಧವನ್ನು ಒಂದು ದಿನವೂ ಬಿಡಕೂಡದು. ರೋಗ ವಾಸಿಯಾಗುವುದೆಂದು ನಂಬಿಸಿ ಮಾರಿದವರ ಮೇಲೆ ದೂರು ಹೇಳಬೇಕೆನ್ನುವವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನು ಮಾಡಬಹುದು, ಅಥವಾ ತಮ್ಮ ಸೀಮೆಯ ಆಹಾರ ಸುರಕ್ಷತಾಧಿಕಾರಿಗೆ ರಸೀತಿಯೊಡನೆ ಬರೆದುಕೊಳ್ಳಬಹುದು. ಕೊಳ್ಳುವಾಗ ರಸೀತಿಯನ್ನು ಕೇಳಿ ಪಡೆಯದಿದ್ದರೆ ದೂರಿಗೆ ಬಲವಿರುವುದಿಲ್ಲ.